ಬೆಲ್ಲನ ಎದೆಪಟ್ಟಿ

ಸವಳಂಗದ ಅಂತರಘಟ್ಟಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಊರವರು ಹೇಳುತ್ತಾರೆ. ಹೇಳಲಿ ಬಿಡಿ. ದಿನಕ್ಕೆ ಒಂಬತ್ತು ಗಂಟೆ ಮೆಟ್ಟುಗತ್ತಿಯ ಮುಂದೆ ಕೂತು ಬೇರೆಯವರ ಅಡಿಕೆ ಸುಲಿಯುವ ಹೆಂಗಸಿಗೆ, ಆಡಿದ ಮಾತನ್ನು ಎರಡನೇ ಸಲ ಆಡುವಷ್ಟು ತಾಳ್ಮೆ ಉಳಿದಿರುವುದಿಲ್ಲ. ಅವಳಿಗೆ ಈಗ ನಲವತ್ತಾರು. ಸಿಟ್ಟಿಗೆ ಮೂವತ್ತಾರು. ಅದು ಹುಟ್ಟಿದ್ದು ಅವಳ ಹತ್ತನೇ ವರ್ಷದಲ್ಲಿ, ನಡುಬೀದಿಯಲ್ಲಿ, ಎತ್ತೊಂದರ ಕೊರಳಿಗೆ ಅಳತೆಯ ದಾರ ಸುತ್ತಿ ಹಿಡಿದಿದ್ದಾಗ.

ಅವಳ ಅಪ್ಪ ಚಿಕ್ಕಹನುಮಂತಪ್ಪ ಎತ್ತಿನ ಸಾಮಾನು ಹೊಲಿಯುತ್ತಿದ್ದ. ಗೆಜ್ಜೆ ಕಟ್ಟುವ ಕೊರಳಪಟ್ಟಿ, ಬಾರುಕೋಲು, ಎತ್ತಿನ ಕೊರಳನ್ನು ನೊಗಕ್ಕೆ ಬಿಗಿಯುವ ಜತ್ತಿಗೆ. ನ್ಯಾಮತಿ, ಹೊನ್ನಾಳಿ, ಅತ್ತ ಚನ್ನಗಿರಿ ಕಡೆಯ ಕತ್ತಲಗೆರೆಯವರೆಗೂ ಅವನಿಗೆ ಗಿರಾಕಿಗಳಿದ್ದರು. ಮಗ ದುರುಗೇಶ್ ಶಾಲೆಗೆ ಹೋಗುತ್ತಿದ್ದ. ಅಪ್ಪನ ಜೊತೆ ತಿರುಗಿ ಕೆಲಸ ಕಲಿತವಳು ಮಗಳು. ಆ ಕಾಲದ ಮನೆಗಳಲ್ಲಿ ದನ ಕಟ್ಟುವ ಜಾಗ ತಲೆಬಾಗಿಲ ಒಳಗೇ ಇರುತ್ತಿತ್ತು. ದನ ಒಳಗಿರಬಹುದಿತ್ತು, ಇವರು ಹೊಸ್ತಿಲು ದಾಟುವಂತಿರಲಿಲ್ಲ. ಹಾಗಾಗಿ ಅಳತೆಗೆ ಎತ್ತನ್ನೇ ಬೀದಿಗೆ ಹೊಡೆದುಕೊಂಡು ಬರುತ್ತಿದ್ದರು. ಬೀದಿಯ ಗದ್ದಲ, ಹೊಸ ಕೈ. ಎತ್ತು ಬೆದರಿ ಉಸಿರು ಬಿಗಿ ಹಿಡಿದು ಕೊರಳು ಉಬ್ಬಿಸಿ ನಿಲ್ಲುತ್ತಿತ್ತು. ಅಳತೆ ಎರಡು ಬೆರಳು ಹೆಚ್ಚಿಗೆ ಬರುತ್ತಿತ್ತು. ಹೊಲಿದ ಪಟ್ಟಿ ಸಡಿಲಾಗಿ, ಉಜ್ಜಿ, ಎತ್ತಿನ ಕೊರಳು ಹುಣ್ಣಾದರೆ ಬೈಗುಳವೆಲ್ಲ ಚಿಕ್ಕಹನುಮಂತಪ್ಪನ ಪಾಲಿಗೆ.

"ಪ್ರಾಣಿ ಅಳತೇನ ಅದು ಮಲಗೋ ಜಾಗದಾಗೆ ತಗೋಬೇಕು ಕಣವ್ವ," ಎನ್ನುತ್ತಿದ್ದ ಅಪ್ಪ, ಬೈಸಿಕೊಂಡು ವಾಪಸ್ ಬರುವ ದಾರಿಯಲ್ಲಿ. "ಅಲ್ಲಿ ಅದು ನಿರಾಳವಾಗಿ ಉಸಿರಾಡ್ತಿರ್ತೈತೆ. ಅಲ್ಲಿಗೆ ನಮ್ಮನ್ನ ಬಿಡಲ್ಲ, ಏನ್ಮಾಡಾದು."

ಏನ್ಮಾಡಾದು ಎಂಬ ಆ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಸುತ್ತಿತ್ತು.

ಅವಳಿಗೆ ಇಪ್ಪತ್ತಾದಾಗ ಅಪ್ಪ ಬುದ್ಧನ ದಾರಿ ಹಿಡಿದ. ದೀಕ್ಷೆ ತೆಗೆದುಕೊಂಡ ವಾರದಲ್ಲೇ ಉಳಿ, ಆರಿ, ದಬ್ಬಣ, ಮೇಣದ ಉಂಡೆ ಎಲ್ಲವನ್ನೂ ಗೋಣಿಯಲ್ಲಿ ಕಟ್ಟಿ, ಹೊನ್ನಾಳಿ ಸೇತುವೆ ಮೇಲಿಂದ ತುಂಗಭದ್ರೆಗೆ ಎಸೆದು ಬಂದ. ಇನ್ನು ಈ ಮನೆಯಲ್ಲಿ ಯಾರೂ ಚರ್ಮ ಮುಟ್ಟಬಾರದು, ಯಾರ ಮನೆ ಮುಂದೆಯೂ ನಿಲ್ಲಬಾರದು ಎಂದ. ನಿಲ್ಲಬಾರದು ಎಂಬುದು ಅಂತರಘಟ್ಟಮ್ಮನಿಗೂ ಹಿಡಿಸಿತು. ಆದರೆ ಆ ಗೋಣಿಯಲ್ಲಿ ಅರ್ಧ ಸಾಮಾನು ಅವಳದು. ಅವಳ ಕೈಯ ಹೊಲಿಗೆ ಅಪ್ಪನದಕ್ಕಿಂತ ನೆಟ್ಟಗಿತ್ತು, ಅದು ಅಪ್ಪನಿಗೂ ಗೊತ್ತಿತ್ತು. ನಿನ್ನದನ್ನೂ ಎಸೆಯಲೇ ಎಂದು ಒಂದು ಮಾತು ಕೇಳಲಿಲ್ಲ ಅವನು. ಗಂಟು ಕಟ್ಟುವ ಮುಂಚೆ ಒಂದೇ ಒಂದು ಆರಿಯನ್ನು, ಚರ್ಮ ಚುಚ್ಚುವ ಆ ಚೂಪು ಕಡ್ಡಿಯನ್ನು, ಅವಳು ಸೆರಗಿಗೆ ಸೇರಿಸಿಬಿಟ್ಟಿದ್ದಳು. ಜಗಳೂರಿಗೆ ಮದುವೆಯಾಗಿ ಹೋಗುವಾಗ ಅದು ಟ್ರಂಕಿನ ತಳದಲ್ಲಿ ಹೋಯಿತು. ಗಂಡ ಎರಡನೇ ಸಲ ಕೈ ಎತ್ತಿದ ದಿನ, ಎರಡು ವರ್ಷದ ಅಕ್ಷಿತಾಳನ್ನು ಎತ್ತಿಕೊಂಡು ಅದೇ ಟ್ರಂಕಿನೊಂದಿಗೆ ಬಸ್ಸು ಹತ್ತಿ ವಾಪಸ್ ಬಂದಳು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಂದಿನಿಂದ ಅವಳ ಕೆಲಸ ಅಡಿಕೆ ಸುಲಿಯುವುದು, ಷಣ್ಮುಖಪ್ಪ ಎಂಬ ಅಡಿಕೆ ವ್ಯಾಪಾರಿಯ ಅಂಗಳದಲ್ಲಿ. ಅಂಗಳದಿಂದ ಮುಂದಕ್ಕೆ ಆ ಮನೆಯನ್ನು ಅವಳು ನೋಡಿಲ್ಲ.

ಅಕ್ಷಿತಾಳಿಗೆ ಈಗ ಇಪ್ಪತ್ತೆರಡು. ಪೊಲೀಸ್ ಕಾನ್ಸ್‌ಟೇಬಲ್ ಆಗಬೇಕೆಂದು ಪಟ್ಟು ಹಿಡಿದಿದ್ದಾಳೆ. ಹೋದ ಸಲ ಬರೆಯುವ ಪರೀಕ್ಷೆ ಪಾಸಾಗಿ, ಓಟದಲ್ಲಿ ಆರು ಸೆಕೆಂಡಿಗೆ ಸೋತು ಬಂದಳು. ಈ ಸಲ ಮತ್ತೆ ಓಟದವರೆಗೆ ಬಂದಿದ್ದಾಳೆ, ಫೆಬ್ರವರಿ ಮೊದಲ ವಾರದಲ್ಲಿ. ಇದು ತಪ್ಪಿದರೆ ಮುಂದಿನ ಅರ್ಜಿ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಓಡಲು ಊರಲ್ಲಿ ಮೈದಾನವಿಲ್ಲ. ಇರುವುದು ನ್ಯಾಮತಿ ರಸ್ತೆ, ಅದೂ ಬೆಳಗಿನ ಐದೂವರೆಗೆ, ವಾಹನ ಕಡಿಮೆ ಇರುವ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಬೈಕಿನ ಮೇಲೆ ತಿರುಗುವ ಗಂಡು ಹುಡುಗರಿಗೆ ಓಡುವ ಹೆಣ್ಣು ಕಂಡರೆ ಹಾರ್ನ್ ಒತ್ತದೆ ಕೈ ನಿಲ್ಲುವುದಿಲ್ಲ. ಪಕ್ಕದಲ್ಲೇ ನಿಧಾನಕ್ಕೆ ಬರುವುದು, ಮೊಬೈಲ್ ಹಿಡಿಯುವುದು, ನಗುವುದು. ಅಂಥವರನ್ನು ಕಂಡರೆ ನನಗೂ ಮೈ ಉರಿಯುತ್ತದೆ, ಇನ್ನು ಹೆತ್ತವಳ ಹೊಟ್ಟೆ ಹೇಗಿರಬೇಡ.

ದುರುಗೇಶ್ ಈಗ ಹೆದ್ದಾರಿ ರಿಪೇರಿಯ ಗುತ್ತಿಗೆಯಲ್ಲಿ ಕೆಲಸಕ್ಕಿದ್ದಾನೆ, ಪಕ್ಕದ ಮನೆಯಲ್ಲೇ ಸಂಸಾರ. ಅಕ್ಕನ ಬಳಿ ಬಂದು ಕೂತ.

"ಹುಡುಗಿ ಒಬ್ಬಳೇ ಹೋಗೋದು ಬ್ಯಾಡಕ್ಕ. ಏನಾರ ಹೆಚ್ಚುಕಮ್ಮಿ ಆದ್ರೆ ಜನ ನಮಗೇ ಉಗಿಯೋದು."

"ಬೈಕಿನೋರಿಗೆ ಬ್ಯಾಡ ಅನ್ನಾಕೆ ಬಾಯಿಲ್ಲ ನಿಂಗೆ. ನನ್ನ ಮಗಳಿಗೆ ಬ್ಯಾಡ ಅನ್ನಾಕೆ ಬಂದಿ," ಎಂದಳು ಅಂತರಘಟ್ಟಮ್ಮ.

ಕೊನೆಗೆ ಒಂದು ಒಪ್ಪಂದವಾಯಿತು. ಬೆಲ್ಲ ಜೊತೆಗೆ ಹೋದರೆ ಅಕ್ಷಿತಾ ಓಡುತ್ತಾಳೆ, ಬೆಲ್ಲ ಇಲ್ಲದ ದಿನ ಓಟವಿಲ್ಲ. ಬೆಲ್ಲ ಅವರ ಮನೆಯ ಊರು ನಾಯಿ. ಬಣ್ಣ ಅಚ್ಚುಬೆಲ್ಲದ್ದು, ಎದೆ ಅಗಲ, ಸೊಂಟ ಸಣ್ಣ, ಅಕ್ಷಿತಾ ಎಂದರೆ ಪ್ರಾಣ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅದನ್ನು ಮುಂದೆ ಬಿಟ್ಟರೆ ಅವಳ ಹೆಜ್ಜೆಯೂ ಅದರ ಹೆಜ್ಜೆಯ ಜೊತೆ ದೊಡ್ಡದಾಗುತ್ತಿತ್ತು. ಬೈಕುಗಳು ಹತ್ತು ಮಾರು ದೂರದಲ್ಲೇ ಹೋಗತೊಡಗಿದವು. ತೊಂದರೆ ಒಂದೇ. ಹಗ್ಗ ಕಟ್ಟಿದ್ದು ಕತ್ತಿನ ಬೆಲ್ಟಿಗೆ, ಬೆಲ್ಲ ಎಳೆದಾಗೆಲ್ಲ ಕೆಮ್ಮುತ್ತಿತ್ತು.

ಒಂದು ಭಾನುವಾರ ತಾಯಿ ಮಗಳು ಕತ್ತಿನ ಬದಲು ಎದೆಗೆ ಕಟ್ಟುವ ಪಟ್ಟಿ ಹುಡುಕಿ ಹೊರಟರು. ಹೊನ್ನಾಳಿಯ ಪಶು ಔಷಧಿ ಅಂಗಡಿಯಲ್ಲಿ ಇದ್ದದ್ದು ಮುಳ್ಳಿನ ಕತ್ತಿನ ಬೆಲ್ಟು ಮಾತ್ರ. ಅಲ್ಲಿಂದ ದಾವಣಗೆರೆಗೆ ಬಸ್ಸು. ಗಾಜಿನ ಬಾಗಿಲಿನ ಅಂಗಡಿಯಲ್ಲಿ ಗೋಡೆ ತುಂಬ ಎದೆಪಟ್ಟಿಗಳು, ನಾಯಿಗೆ ಹಾಕುವ ಕೋಟುಗಳು.

"ಯಾವ ಬ್ರೀಡು?" ಎಂದ ಅಂಗಡಿಯವನು.

"ಊರು ನಾಯಿರಿ," ಎಂದಳು ಅಕ್ಷಿತಾ. "ಜೊತೆಗೆ ಓಡಾಕೆ ಬೇಕು."

ಅವನು ನಕ್ಕ. "ಊರು ನಾಯಿಗೆ ಹಾರ್ನೆಸ್ಸಾ? ಅದರ ಸೈಜ್ ಯಾರೂ ಮಾಡಲ್ಲ. ಲ್ಯಾಬ್ರಡಾರ್‌ದು ಹಾಕ್ರಿ, ಆಗುತ್ತೆ." ಒಂದು ಎದೆಪಟ್ಟಿಯನ್ನೂ, ಒಳಗೆ ಕಂಬಳಿಯಂಥ ಬಟ್ಟೆ ಇದ್ದ ಕೆಂಪು ಕೋಟನ್ನೂ ಕಟ್ಟಿಕೊಟ್ಟ. ಚಳಿಗೆ ಇದೇ ಬೇಕು, ಎಲ್ಲರೂ ಇದನ್ನೇ ಒಯ್ಯುವುದು ಎಂದ. ಅಂತರಘಟ್ಟಮ್ಮ ಪಟ್ಟಿಯ ಹೊಲಿಗೆಯನ್ನು ಉಗುರಲ್ಲಿ ಕೆರೆದು ನೋಡಿದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ಆ ನುಂಗಿದ್ದಕ್ಕೆ ಆಮೇಲೆ ತನ್ನನ್ನೇ ಬೈದುಕೊಂಡಳು.

ನಾಲ್ಕೇ ದಿನ. ಪಟ್ಟಿ ಮುಂಗಾಲಿನ ಸಂದಿಯಲ್ಲಿ ಗರಗಸದ ಹಾಗೆ ಉಜ್ಜಿ, ಬೆಲ್ಲನ ಎರಡೂ ಕಂಕುಳು ಕೆಂಪಗೆ ಹಸಿಯಾದವು. ಚಳಿಯೆಂದು ಹಾಕಿದ ಕೋಟಿನೊಳಗೆ ಓಡುವ ನಾಯಿ ಬೆಂದುಹೋಗಿ, ಕೆರೆ ಏರಿಯ ಹತ್ತಿರ ಕೋಟಿನ ಸಮೇತ ನೀರಿಗಿಳಿದು ಕೂತುಬಿಟ್ಟಿತು. ನೆನೆದ ಕೋಟಿನ ಭಾರಕ್ಕೆ ಮೇಲೇಳಲಾರದ ಅದನ್ನು ಅಕ್ಷಿತಾ ಹೊತ್ತುಕೊಂಡು ಮನೆಗೆ ಬಂದಳು.

ಅಂತರಘಟ್ಟಮ್ಮ ಹುಣ್ಣನ್ನು ನೋಡಿದಳು. ಮುಖ ಕಪ್ಪಾಯಿತು.

"ಇದನ್ನ ಹೊಲಿದೋನು ನಾಯಿ ನಿಂತಿದ್ದು ನೋಡ್ಯಾನೆ. ಓಡಿದ್ದು ನೋಡಿಲ್ಲ. ಅವನ ಕಂಕುಳಾಗೆ ಇದನ್ನ ಕಟ್ಟಿ ಹೊನ್ನಾಳಿ ಮಟ ಓಡಿಸಬೇಕು."

"ಐದೇ ವಾರ ಐತಮ್ಮ ಪರೀಕ್ಷೆಗೆ," ಎಂದಳು ಅಕ್ಷಿತಾ. "ಮಾವ ಒಬ್ಬಳನ್ನೇ ಬಿಡಲ್ಲ."

ಅಂತರಘಟ್ಟಮ್ಮ ಎದ್ದು ಹೋಗಿ ಟ್ರಂಕು ತೆಗೆದಳು. ತಳದಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ಆರಿ ಹಾಗೇ ಇತ್ತು. ಅಮ್ಮನಿಗೆ ಈ ಕೆಲಸ ಬರುತ್ತದೆಂದು ಮಗಳಿಗೆ ಆವತ್ತೇ ಗೊತ್ತಾಗಿದ್ದು.

ನ್ಯಾಮತಿಯ ಗ್ಯಾರೇಜಿನಲ್ಲಿ ಗುಜರಿಗೆ ಬಿದ್ದ ಕಾರಿನ ಸೀಟ್ ಬೆಲ್ಟು ಸಿಕ್ಕಿತು. ಅದಕ್ಕೆ ಹಳೆಯ ಹತ್ತಿ ಸೀರೆಯ ಒಳಪದರ ಕೊಟ್ಟು, ಮೇಣ ಹಚ್ಚಿದ ದಾರದಲ್ಲಿ ಎರಡೇ ಸಂಜೆಯಲ್ಲಿ ಹೊಲಿದು ಮುಗಿಸಿದಳು. ಬೆರಳುಗಳಿಗೆ ಒಂದೂ ಮರೆತಿರಲಿಲ್ಲ. ಹುಣ್ಣು ಮಾಯ್ದ ಮೇಲೆ ಬೆಲ್ಲನಿಗೆ ಹಾಕಿ ಕಳಿಸಿದಳು. ಅರ್ಧ ಮೈಲಿಗೆ ಬೆಲ್ಲ ಗೊರಗೊರ ಎಂದು ನಾಲಿಗೆ ಚಾಚಿ ರಸ್ತೆಯಲ್ಲೇ ಮಲಗಿತು.

ತಪ್ಪು ಅವಳದೇ. ಬೆರಳುಗಳಿಗೆ ನೆನಪಿದ್ದದ್ದು ಎತ್ತಿನ ಜತ್ತಿಗೆ. ಎತ್ತು ಎಳೆಯುವುದು ಹೆಗಲಿನಿಂದ. ನೊಗ ಮೇಲೆ ಕೂರುತ್ತದೆ, ಜತ್ತಿಗೆ ಕೊರಳಿನ ಕೆಳಗೆ ಸುಮ್ಮನೆ ಆಸರೆಗಿರುತ್ತದೆ. ಅದೇ ಅಗಲದ ಪಟ್ಟಿಯನ್ನು ಅದೇ ಜಾಗಕ್ಕೆ ಅವಳು ನಾಯಿಗೂ ಕೂರಿಸಿದ್ದಳು. ನಾಯಿಗೆ ನೊಗ ಹೊರುವ ಹೆಗಲೆಲ್ಲಿ ಬಂತು? ಎಳೆದ ಭಾರವೆಲ್ಲ ಗಂಟಲಿನ ಮೇಲೆ. ದಾವಣಗೆರೆಯವನನ್ನು ಬೈದ ಬಾಯಿಯಲ್ಲೇ ತನ್ನನ್ನೂ ಬೈದುಕೊಂಡಳು, ಅವನಿಗಿಂತ ನಾಲ್ಕು ಮಾತು ಹೆಚ್ಚಿಗೆ. ಕೂತು ಹೊಲಿಗೆಯನ್ನೆಲ್ಲ ಬಿಚ್ಚಿದಳು.

ಆಮೇಲೆ ಎರಡು ದಿನ ಅವಳು ಹೊಲಿಯಲೇ ಇಲ್ಲ. ಕೆಲಸದಿಂದ ಬಂದವಳು ಬೆಲ್ಲನ ಪಕ್ಕದಲ್ಲಿ ಬಗ್ಗಿಕೊಂಡು ಹಿತ್ತಲಲ್ಲಿ ನಡೆದಾಡಿದಳು, ಅದರ ಎದೆಯ ಮೇಲೆ ಅಂಗೈ ಇಟ್ಟುಕೊಂಡು. ಕಾಲು ಮುಂದೆ ಹೋದಾಗ ಯಾವ ಮೂಳೆ ಏಳುತ್ತದೆ, ಯಾವುದು ಅಲುಗುವುದೇ ಇಲ್ಲ ಎಂದು ಕೈಯಲ್ಲೇ ತಿಳಿದುಕೊಂಡಳು. ಬಚ್ಚಲ ಒಲೆಯ ಪಕ್ಕ, ಬೂದಿಯ ಬಿಸಿಗೆ ಅದು ದಿನಾ ಮಲಗುವ ಜಾಗದಲ್ಲಿ, ಅದು ಆಕಳಿಸಿ ಎದ್ದು ನಿಂತಾಗ ಅಳತೆ ತೆಗೆದಳು. ಅಪ್ಪ ಜೀವಮಾನದಲ್ಲಿ ಒಮ್ಮೆಯೂ ತೆಗೆಯಲಾಗದ ಅಳತೆ ಅದು. ಹೊಸ ಪಟ್ಟಿಯಲ್ಲಿ ಭಾರ ಬೀಳುವುದು ಎದೆಯ ನಡುಮೂಳೆಯ ಮೇಲೆ. ಎರಡು ಪಟ್ಟಿ ಭುಜದ ಆಚೀಚೆ ಹಾದು ಬೆನ್ನಿಗೆ ಹೋಗುತ್ತವೆ, ಒಂದು ಮುಂಗಾಲುಗಳ ನಡುವೆ ಇಳಿದು ಹೊಟ್ಟೆಯ ಪಟ್ಟಿಗೆ ಸೇರುತ್ತದೆ. ಕಂಕುಳಿನಿಂದ ನಾಲ್ಕು ಬೆರಳು ಹಿಂದಕ್ಕೆ ಹೊಟ್ಟೆಪಟ್ಟಿ. ಬೆನ್ನ ಮೇಲೆ ಹಿಡಿಯಲು ಒಂದು ಗಟ್ಟಿ ಹಿಡಿಕೆ.

ಅದನ್ನು ಹೊಲಿಯುತ್ತಿದ್ದಾಗ ದುರುಗೇಶ್ ಒಳಗೆ ಬಂದ. ಆರಿ ನೋಡಿ ನಿಂತುಬಿಟ್ಟ.

"ಅಪ್ಪ ಹೊಳೆಗೆ ಹಾಕಿದ್ದನ್ನ ಮತ್ತೆ ಮನೆಗೆ ತಂದ್ಯೇನಕ್ಕ?"

"ಅಪ್ಪನಿಗೆ ಸಾಕಾಗಿದ್ದು ಬೈಸಿಕೊಳ್ಳೋದು. ಹೊಲಿಗೆ ಏನು ಮಾಡಿತ್ತು ಅವನಿಗೆ? ನಂದೂ ಸೇರಿಸಿ ಹಾಕಿದ. ಇಪ್ಪತ್ತಾರು ವರ್ಷ ಆತು. ಆ ಸಿಟ್ಟು ಇನ್ನೂ ಐತೆ ನಂಗೆ. ಕೂತ್ಕೊಳೋದಾದ್ರೆ ಕೂತ್ಕೋ, ಇಲ್ಲಾಂದ್ರೆ ಬೆಳಕಿಗೆ ಅಡ್ಡ ನಿಲ್ಲಬ್ಯಾಡ."

ದುರುಗೇಶ್ ಕೂರಲಿಲ್ಲ. ಹೊರಗೆ ಹೋದವನು ಸ್ವಲ್ಪ ಹೊತ್ತಿಗೆ ತನ್ನ ಕೆಲಸದ ಹಳೆಯ ಕಿತ್ತಳೆ ಜಾಕೆಟ್ ತಂದು ಅವಳ ಮುಂದೆ ಹಾಕಿದ, ಕತ್ತಲಲ್ಲಿ ಲಾರಿಯ ಲೈಟು ಬಿದ್ದರೆ ಹೊಳೆಯುವ ಪಟ್ಟಿಗಳಿರುವಂಥದ್ದು.

"ಮರಳಿನ ಲಾರಿಯೋರು ಮಂಜಿನಾಗೆ ಏನೂ ನೋಡಲ್ಲ," ಎಂದ. "ಇದನ್ನ ಕತ್ತರಿಸಿ ಕೋಟು ಮಾಡು. ಬಲೆ ಬಟ್ಟೆ ಐತೆ, ಸೆಕೆ ಆಗಲ್ಲ."

ಮಾರನೇ ವಾರದಿಂದ ನ್ಯಾಮತಿ ರಸ್ತೆಯಲ್ಲಿ ಕಿತ್ತಳೆ ಕೋಟಿನ ಬೆಲ್ಲ ಮುಂದೆ, ಹಿಂದೆ ಅಕ್ಷಿತಾ. ಕೆಮ್ಮಿಲ್ಲ, ಹುಣ್ಣಿಲ್ಲ. ಅಕ್ಷಿತಾ ದಿನಕ್ಕಿಷ್ಟು ಸೆಕೆಂಡು ಕಡಿಮೆ ಮಾಡುತ್ತ ಬಂದಳು. ಹೋದ ಸಲದ ಆರು ಸೆಕೆಂಡು ಕರಗಿ, ಅದರ ಮೇಲೆ ಇನ್ನೂ ನಾಲ್ಕು ಉಳಿಯಿತು.

ಪರೀಕ್ಷೆಗೆ ಆರು ದಿನ ಇರುವಾಗ ಬೈಕೊಂದು ಹಿಂದಿನಿಂದ ಬಂತು. ಓಡಿಸುತ್ತಿದ್ದವನು ವಿನಯ್ ಕುಮಾರ್, ಷಣ್ಮುಖಪ್ಪನ ಮಗ. ಹಿಂದೆ ಕೂತಿದ್ದ ಗೆಳೆಯ ಮೊಬೈಲ್ ಹಿಡಿದಿದ್ದ. ವಿನಯ್ ಕುಮಾರ್ ಪಕ್ಕಕ್ಕೆ ಬಂದು ಅಕ್ಷಿತಾಳ ಜಡೆಗೆ ಕೈ ಹಾಕಿದ. ಬೆಲ್ಲ ಒಂದೇ ನೆಗೆತಕ್ಕೆ ತಿರುಗಿ ಅವನ ಪ್ಯಾಂಟನ್ನು ಮೊಣಕಾಲಿನಿಂದ ಪಾದದವರೆಗೆ ಸೀಳಿತು. ಪಟ್ಟಿ ಜಗ್ಗಲಿಲ್ಲ, ಹೊಲಿಗೆ ಬಿಡಲಿಲ್ಲ. ಅಕ್ಷಿತಾ ಬೆನ್ನಿನ ಹಿಡಿಕೆ ಹಿಡಿದು ಎಳೆದದ್ದರಿಂದ ಹಲ್ಲು ಮೈಗೆ ತಾಗಲಿಲ್ಲ. ಬೈಕು ಗದ್ದೆಯ ಬದುವಿಗೆ ಉರುಳಿತು. ಅವಳು ತಿರುಗಿ ನೋಡದೆ ಓಡಿ ಮನೆ ಸೇರಿದಳು.

ಅಂತರಘಟ್ಟಮ್ಮ ಅವತ್ತು ಸುಲಿಯಲು ಹೋಗದೆ ಮನೆಯಲ್ಲೇ ಉಳಿದಳು. ಮಧ್ಯಾಹ್ನ ಷಣ್ಮುಖಪ್ಪನೇ ಸ್ಕೂಟರಿನಲ್ಲಿ ಬಂದ. ಅವನು ಈ ಕೇರಿಗೆ ಬಂದದ್ದು ಅದೇ ಮೊದಲು. ಸ್ಕೂಟರಿನಿಂದ ಇಳಿಯಲಿಲ್ಲ.

"ನಿನ್ನ ನಾಯಿ ನಮ್ಮ ಹುಡುಗನ ಮೇಲೆ ಬಿದ್ದೈತೆ. ಕಟ್ಟಿ ಹಾಕು. ಹುಡುಗೀನ ಮನ್ಯಾಗೆ ಇಟ್ಕೋ. ಇಲ್ಲಾಂದ್ರೆ ನಾಳೆಯಿಂದ ಸುಲಿಯಾಕೆ ಬರಬ್ಯಾಡ."

ಅಂತರಘಟ್ಟಮ್ಮ ಸ್ಕೂಟರಿನ ಎದುರಿಗೇ ಬಂದು ನಿಂತಳು. ದನಿ ಮಾತ್ರ ಏರಲಿಲ್ಲ. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಕೇರಿ ಅದುವರೆಗೆ ಕೇಳಿರಲಿಲ್ಲ.

"ನಿಮ್ಮ ಹುಡುಗನ ಕೈ ನನ್ನ ಮಗಳ ಜಡಿಗೆ ಯಾಕೆ ಬಂತು, ಅದನ್ನ ಕೇಳಿದ್ರಾ ಮನ್ಯಾಗೆ? ಅವನ ಗೆಳೆಯನ ಮೊಬೈಲಿನಾಗೆ ಐತೆ, ನೋಡ್ರಿ. ಪರೀಕ್ಷೆ ಆಗೋ ಮಟ ನಾಯಿ ಕಟ್ಟಲ್ಲ. ಮಗಳು ಓಡ್ತಾಳೆ. ಸುಲಿಯಾಕೆ ನಾಳೆಯಿಂದ ನಾನೇ ಬರಲ್ಲ, ನೀವು ಬ್ಯಾಡ ಅನ್ನೋದು ಬ್ಯಾಡ."

ಷಣ್ಮುಖಪ್ಪನಿಗೆ ಮೊಬೈಲಿನ ಮಾತು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅತ್ತಿತ್ತ ನೋಡಿದ. ಕಟ್ಟೆಯ ಮೇಲೆ ಬೆಲ್ಲ ಕೂತಿತ್ತು, ಪಟ್ಟಿಯ ಸಮೇತ. ಅವನ ಕಣ್ಣು ಪಟ್ಟಿಯ ಮೇಲೆ ನಿಂತಿತು. ವ್ಯಾಪಾರಿಯ ಕಣ್ಣು ಅದು, ಒಳ್ಳೆಯ ಮಾಲು ಕಂಡರೆ ಬಂದ ಕೆಲಸವನ್ನೇ ಮರೆಯುತ್ತದೆ.

"ಇದು ಎಲ್ಲೀದು?"

"ನಾನು ಹೊಲಿದಿದ್ದು."

"ನಿಮ್ಮಪ್ಪನ ಕೈ," ಎಂದ ಷಣ್ಮುಖಪ್ಪ, ದನಿ ಮೆತ್ತಗಾಗಿತ್ತು. "ನಮ್ಮ ಎತ್ತಿಗೂ ಹೊಲಿದು ಕೊಟ್ಟಿದ್ದ. ನಮ್ಮ ಲ್ಯಾಬ್ರಡಾರ್‌ಗೆ ಅಂಗಡಿ ಪಟ್ಟಿ ಹಾಕಿ ಕಂಕುಳು ಹುಣ್ಣಾಗೈತೆ ನೋಡು. ಹೋಗ್ಲಿ ಬಿಡು, ಹುಡುಗರ ಜಗಳ ನಾವ್ಯಾಕೆ ದೊಡ್ಡದು ಮಾಡಾದು. ನಮ್ಮ ನಾಯಿಗೂ ಇಂಥದೊಂದು ಹೊಲಿದು ಕೊಡು. ಸಂಜಿಗೆ ನಾಯೀನ ಇಲ್ಲಿಗೇ ಕಳಿಸ್ತೀನಿ, ಬೀದ್ಯಾಗೆ ಅಳತೆ ತಗೋ."

ಬೀದಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹತ್ತು ವರ್ಷದ ಹುಡುಗಿಯೊಬ್ಬಳು ಅಂತರಘಟ್ಟಮ್ಮನೊಳಗೆ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೀದಿ ಅಳತೆ ಸರಿ ಬರಲ್ಲರಿ. ಪ್ರಾಣಿ ಬೆದರಿ ಎದೆ ಉಬ್ಬಿಸ್ತೈತೆ. ಅದು ದಿನಾ ಮಲಗೋ ಜಾಗದಾಗೇ ತಗೋಬೇಕು. ನಿಮ್ಮ ನಾಯಿ ಎಲ್ಲಿ ಮಲಗ್ತೈತೆ?"

ಷಣ್ಮುಖಪ್ಪ ಯೋಚಿಸದೆ ಹೇಳಿಬಿಟ್ಟ. "ನಡುಮನ್ಯಾಗೆ. ಫ್ಯಾನಿನ ಕೆಳಗೆ."

"ಹಂಗಾದ್ರೆ ನಡುಮನಿಗೆ ಬರ್ತೀನಿ. ಯಾವತ್ತು ಬರ್ಲಿ ಹೇಳ್ರಿ."

ಕೇರಿಯ ನಾಲ್ಕಾರು ಜನ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಷಣ್ಮುಖಪ್ಪ ಅವಳನ್ನೂ ನಾಯಿಯನ್ನೂ ಒಂದೊಂದು ಸಲ ನೋಡಿದ. ಸ್ಕೂಟರಿನ ಕಿಕ್ ಒದ್ದ. ಎರಡು ಸಲ ಒದ್ದರೂ ಅದು ಚಾಲೂ ಆಗಲಿಲ್ಲ, ಮೂರನೇ ಸಲಕ್ಕೆ ಆಯಿತು. "ಮನ್ಯಾಗೆ ಕೇಳಿ ಹೇಳ್ತೀನಿ," ಎಂದು ತಿರುಗಿಸಿಕೊಂಡು ಹೋದ.

ಮಾರನೇ ದಿನ ಐದೂವರೆಗೆ ಅಕ್ಷಿತಾ ಓಡಿದಳು. ಅದರ ಮಾರನೇ ದಿನವೂ ಓಡಿದಳು. ರಸ್ತೆಯಲ್ಲಿ ಬೈಕು ಕಾಣಲಿಲ್ಲ. ಪರೀಕ್ಷೆಯ ದಿನ ದಾವಣಗೆರೆಯ ಮೈದಾನದ ಗೇಟಿನ ಹೊರಗೆ ಬೆಲ್ಲನ ಹಿಡಿಕೆ ಹಿಡಿದು ನಿಂತವನು ದುರುಗೇಶ್. ಒಳಗೆ ಅಕ್ಷಿತಾ ಒಬ್ಬಳೇ ಓಡಿ, ಐದು ಸೆಕೆಂಡು ಮಿಗಿಸಿ ಪಾಸಾದಳು. ಅಂತರಘಟ್ಟಮ್ಮ ಈಗ ಕತ್ತಲಗೆರೆ ಕಡೆಯ ಬೇರೊಬ್ಬರ ಸುಲಿಮನೆಗೆ ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಬಸ್ಸು ತಡವಾದ ದಿನ ಕಂಡಕ್ಟರನಿಗೆ ಬೈಗುಳ ತಪ್ಪಿದ್ದಲ್ಲ. ಸಂಜೆ ಬಂದು ಕೇಳಿದವರಿಗೆ ಪಟ್ಟಿ ಹೊಲಿದು ಕೊಡುತ್ತಾಳೆ, ಅವರ ಮನೆಯೊಳಗೆ ಹೋಗಿ ಅಳತೆ ತೆಗೆದು.

ಅಳತೆಯ ಟೇಪು ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿರುತ್ತದೆ. ಷಣ್ಮುಖಪ್ಪನ ಲ್ಯಾಬ್ರಡಾರ್ ಈಗಲೂ ಹುಣ್ಣಿನ ಕಂಕುಳಲ್ಲೇ ಕುಂಟುತ್ತ ತಿರುಗುತ್ತದೆ, ನಡುಮನೆಯಲ್ಲಿ ಫ್ಯಾನಿನ ಕೆಳಗೆ ಮಲಗುತ್ತದೆ. ಆ ಮನೆಯಿಂದ ಇನ್ನೂ ಕರೆ ಬಂದಿಲ್ಲ.